ವರ್ಸೈಯಿಂದ ಡೆಲ್ಫ್ಟ್‌ಗೆ, ಕನ್ನಡಿಯ ದಾರಿಯಲ್ಲಿ

ಪ್ಯಾರಿಸ್ಸಿನ ಪಕ್ಕದ ವರ್ಸೈ ಅರಮನೆಯ ಕನ್ನಡಿ ಮಹಲಿಗೆ ಬಂದವರ ಕಣ್ಣು ಮೊದಲು ಚಾವಣಿಯ ಚಿತ್ರಗಳಿಗೆ ಹೋಗುತ್ತದೆ, ಆಮೇಲೆ ತೂಗುದೀಪಗಳಿಗೆ, ಕೊನೆಗೆ ಕನ್ನಡಿಯೊಳಗಿನ ತಮ್ಮದೇ ಮುಖಕ್ಕೆ. ಕನ್ನಡಿಯನ್ನೇ ನೋಡುವವರು ಕಡಿಮೆ. ಆದಷ್ಟು ಹತ್ತಿರ ನಿಂತು ನೋಡಿದರೆ, 73 ಮೀಟರ್ ಉದ್ದದ ಆ ಮಹಲಿನಲ್ಲಿ ದೊಡ್ಡ ಕನ್ನಡಿ ಎಂಬುದು ಒಂದೂ ಇಲ್ಲ ಎಂದು ಗೊತ್ತಾಗುತ್ತದೆ. ತೋಟದ ಕಡೆಗಿರುವ 17 ಕಿಟಕಿಗಳಿಗೆ ಎದುರಾಗಿ 17 ಕಮಾನುಗಳಿವೆ. ಒಂದೊಂದು ಕಮಾನಿನಲ್ಲೂ 21 ತುಂಡುಗಳು, ಒಟ್ಟು 357. ತುಂಡಿಗೂ ತುಂಡಿಗೂ ನಡುವೆ ಒಂದು ಗೆರೆ. ಕಿಟಕಿಯಾಚೆಯ ತೋಟದ ಅಂಚು ಆ ಗೆರೆಯ ಹತ್ತಿರ ಬಂದಾಗ ಒಂದಿಷ್ಟು ಮುರಿದು ಪಕ್ಕದ ತುಂಡಿನಲ್ಲಿ ಮುಂದುವರಿಯುತ್ತದೆ. 1678ರಲ್ಲಿ ಕೆಲಸ ಶುರುವಾಗಿ 1684ರಲ್ಲಿ ಮುಗಿದಾಗ 14ನೇ ಲೂಯಿ ಯುರೋಪಿನ ಅತಿ ಬಲಿಷ್ಠ ದೊರೆಗಳಲ್ಲೊಬ್ಬ. ಹಣದ ಕೊರತೆಯಿಂದ ಯಾರೂ ತುಂಡು ಜೋಡಿಸಲಿಲ್ಲ. ಒಂದೇ ಹಲಗೆಯಾಗಿ ಒಂದು ಕಮಾನನ್ನು ತುಂಬುವಷ್ಟು ದೊಡ್ಡ ಗಾಜನ್ನು ಮಾಡುವ ಬಗೆ ಆಗ ಭೂಮಿಯ ಮೇಲೆ ಯಾರಿಗೂ ತಿಳಿದಿರಲಿಲ್ಲ.

ವೆನಿಸ್ಸಿನ ಮುರಾನೊ ದ್ವೀಪದ ಕುಶಲಕರ್ಮಿಗಳಿಂದ ಫ್ರಾನ್ಸ್ ಕಲಿತ ವಿದ್ಯೆ ಊದುವ ವಿದ್ಯೆ. ಕಾದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಹಚ್ಚಿ, ಉರುಳೆಯಾಗಿ ಊದಿ, ಉದ್ದಕ್ಕೆ ಸೀಳಿ, ಬಿಸಿಯಿರುವಾಗಲೇ ಚಪ್ಪಟೆ ಮಾಡಿ, ಬೆನ್ನಿಗೆ ತವರ ಮತ್ತು ಪಾದರಸ ಹಚ್ಚುವುದು. ಗಾಜಿನ ಅಳತೆಯನ್ನು ಮನುಷ್ಯನ ಉಸಿರು ಮತ್ತು ತೋಳಿನ ಬಲ ನಿರ್ಧರಿಸುತ್ತಿದ್ದವು. ಮಹಲು ಮುಗಿದ ಕೆಲವೇ ವರ್ಷಗಳಲ್ಲಿ, 1680ರ ದಶಕದ ಕೊನೆಗೆ, ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಸುರಿದು ರೋಲರಿನಿಂದ ಹರಡುವ ಪದ್ಧತಿ ಫ್ರಾನ್ಸಿನಲ್ಲಿ ಬಂತು. ಉಸಿರಿನ ಮಿತಿ ಹೋಯಿತು, ಆಳೆತ್ತರ ಮೀರಿದ ಕನ್ನಡಿ ಸಾಧ್ಯವಾಯಿತು. ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ಹೊಳಪಿನಲ್ಲಿ ಬದಲಾವಣೆ ಏನೂ ಇಲ್ಲ. ಅದೇ ತವರ, ಅದೇ ಪಾದರಸ. ಬದಲಾದದ್ದು ಅಗಲ ಮಾತ್ರ, ಅದೂ ತಯಾರಿಕೆಯ ಬಗೆ ಬದಲಾದದ್ದರಿಂದ. ಕನ್ನಡಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೊಳಪಿನ ಚರಿತ್ರೆಯಾಗಿ ಓದುತ್ತೇವೆ. ಅದನ್ನು ಅಗಲದ ಚರಿತ್ರೆಯಾಗಿ ಓದಬೇಕು ಎಂಬುದು ನನ್ನ ವಾದ. ಇದಕ್ಕೆ ನನಗೆ ಸಿಕ್ಕಿರುವ ದೊಡ್ಡ ಪುರಾವೆ ವರ್ಸೈಯಲ್ಲಿಲ್ಲ. ಅಲ್ಲಿಂದ ಉತ್ತರಕ್ಕೆ, ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನಲ್ಲಿದೆ.

ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣದಿಂದ ಹೊರಡುವ ವೇಗದ ರೈಲು ಪಿಕಾರ್ಡಿಯ ಬಯಲು ದಾಟಿ, ಬ್ರಸೆಲ್ಸ್ ಮತ್ತು ಆಂಟ್ವರ್ಪ್ ಹಾದು ರೋಟರ್‌ಡ್ಯಾಮಿಗೆ ಬರುತ್ತದೆ. ಅಲ್ಲಿ ರೈಲು ಬದಲಿಸಿದರೆ ಕಾಲು ಗಂಟೆಯೊಳಗೆ ಡೆಲ್ಫ್ಟ್. ನಿಲ್ದಾಣ ನೆಲದಡಿಯಲ್ಲಿದೆ. ಮೇಲೆ ಬಂದರೆ ಹಾಲ್‌ನ ಚಾವಣಿ ತುಂಬ ಹಳೆಯ ಡೆಲ್ಫ್ಟ್‌ನ ನಕ್ಷೆ, ಈ ಊರಿನ ಪಿಂಗಾಣಿಯನ್ನು ನೆನಪಿಸುವ ನೀಲಿಯಲ್ಲಿ. ಹೊರಗೆ ಕಾಲುವೆಗಳು, ಅವುಗಳ ಮೇಲೆ ಗಿಡ್ಡ ಸೇತುವೆಗಳು, ಕಂಬಿಗೆ ಒರಗಿಸಿಟ್ಟ ಸೈಕಲ್ಲುಗಳು, ಮತ್ತು ಕಣ್ಣಿಗೆ ಕಾಣುವಷ್ಟು ಒಂದು ಕಡೆಗೆ ವಾಲಿರುವ ಹಳೆಯ ಚರ್ಚಿನ ಗೋಪುರ. ಆ ಚರ್ಚಿನೊಳಗೆ ಇಬ್ಬರ ಸಮಾಧಿಗಳಿವೆ. ಇಬ್ಬರೂ 1632ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಒಬ್ಬ ಚಿತ್ರಕಾರ ವರ್ಮೀರ್. ಇನ್ನೊಬ್ಬ ಬಟ್ಟೆ ವ್ಯಾಪಾರಿ ಆಂಟೊನಿ ಫಾನ್ ಲೇವನ್‌ಹುಕ್, ತಾನೇ ಮಾಡಿಕೊಂಡ ಪುಟ್ಟ ಮಸೂರದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ಕಂಡು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದವನು. ಅಷ್ಟು ಒಳ್ಳೆಯ ಮಸೂರ ಮಾಡುವ ಬಗೆಯನ್ನು ಅವನು ಯಾರಿಗೂ ಹೇಳಿಕೊಡಲಿಲ್ಲ. ಅವನ ಕಾಲಾನಂತರ ಆ ನೋಟವನ್ನು ಮತ್ತೆ ಪಡೆಯಲು ಬಹಳ ಕಾಲ ಹಿಡಿಯಿತು. ಒಂದು ಅದ್ಭುತ ವಸ್ತು ಒಂದೇ ಕಡೆ, ಒಬ್ಬರ ಕೈಯಲ್ಲಿ ಇದ್ದರೆ ಅದರಿಂದ ಆಗುವ ಉಪಯೋಗಕ್ಕೆ ಮಿತಿ ಇದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿನ ದಕ್ಷಿಣಕ್ಕೆ, ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗೆ ನಡೆಯಬೇಕು. ಹುಲ್ಲು ಬೆಳೆದ ಇಳಿಜಾರು ಮಾಡಿನ ಗ್ರಂಥಾಲಯ, ಅದರ ನೆತ್ತಿಯನ್ನು ಸೀಳಿಕೊಂಡು ಎದ್ದ ಶಂಕು, ಅದರಾಚೆ ಪ್ರಯೋಗಾಲಯಗಳ ಸಾಲು. ನ್ಯಾನೊ ತಯಾರಿಕೆಯ ಕ್ಲೀನ್ ರೂಮ್ ಇರುವ ಕಟ್ಟಡಕ್ಕೆ ಲೇವನ್‌ಹುಕ್‌ನ ಹೆಸರನ್ನೇ ಇಟ್ಟಿದ್ದಾರೆ. ಅದು ಪ್ರವಾಸಿಗಳು ಒಳಹೊಕ್ಕು ನೋಡುವ ಜಾಗವಲ್ಲ. ಆದರೆ ಈ ವಿಶ್ವವಿದ್ಯಾಲಯದಲ್ಲಿ ಆದ ಕೆಲಸ ಎಲ್ಲರೂ ಓದಬಹುದಾದ ಪತ್ರಿಕೆಯಲ್ಲಿ ಪ್ರಕಟವಾಗಿದೆ.

2025ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಲ್ಯೂಕಾಸ್ ನಾರ್ಡರ್, ರಿಚರ್ಡ್ ನಾರ್ಟೆ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಿಗೆಲ್ ಬೆಸಾ ಮತ್ತು ಸಂಗಡಿಗರು ವರದಿ ಮಾಡಿದ ಕನ್ನಡಿಯ ಅಳತೆ ಇದು: ಉದ್ದ 60 ಮಿಲಿಮೀಟರ್, ಅಗಲ 60 ಮಿಲಿಮೀಟರ್, ದಪ್ಪ 200 ನ್ಯಾನೊಮೀಟರ್. ಅಂದರೆ ದಪ್ಪದ ಮೂರು ಲಕ್ಷ ಪಟ್ಟು ಅಗಲ. ನಾವು ಬರೆಯುವ ಮಾಮೂಲಿ ಕಾಗದ ಇದೇ ಪ್ರಮಾಣದಲ್ಲಿ ಇರಬೇಕಾದರೆ ಅದರ ಒಂದು ಹಾಳೆ 30 ಮೀಟರ್ ಅಗಲವಿರಬೇಕು, ಎಲ್ಲೂ ಮಡಿಕೆ ಬೀಳದೆ ಚಾಚಿ ನಿಲ್ಲಬೇಕು. ಈ ಕನ್ನಡಿಯ ತುಂಬ ನೂರು ಕೋಟಿಗೂ ಹೆಚ್ಚು ತೂತುಗಳು, ಒಂದೊಂದೂ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ವಸ್ತು ಸಿಲಿಕಾನ್ ನೈಟ್ರೈಡ್, ಚಿಪ್ ಕಾರ್ಖಾನೆಗಳಲ್ಲಿ ದಿನನಿತ್ಯ ಬಳಸುವ ಗಟ್ಟಿ ಪಿಂಗಾಣಿಯ ಜಾತಿಯ ಪದರ. ಅದರ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಇಂಥ ಹಾಳೆ ಒಂದು ಚದರ ಮೀಟರಿಗೆ ತೂತು ಕೊರೆಯುವ ಮುಂಚೆಯೇ ಸುಮಾರು 0.6 ಗ್ರಾಂ ತೂಗುತ್ತದೆ, ಕೊರೆದ ಮೇಲೆ ಇನ್ನೂ ಕಡಿಮೆ. ಡೆಲ್ಫ್ಟ್‌ನ ತುಣುಕು ಎರಡು ಮಿಲಿಗ್ರಾಂ ಆಸುಪಾಸು.

ತೂತು ಬಿದ್ದ ಕನ್ನಡಿ ಎಂದರೆ ನಮ್ಮ ಬುದ್ಧಿ ಮೊದಲು ತಕರಾರು ಎತ್ತುತ್ತದೆ. ತೂತಿನಿಂದ ಬೆಳಕು ಸೋರಬೇಕಲ್ಲ? ಸಿಲಿಕಾನ್ ನೈಟ್ರೈಡ್ ನಿಜಕ್ಕೂ ಪಾರದರ್ಶಕ ವಸ್ತು. ಅದರ ವಕ್ರೀಭವನ ಸೂಚ್ಯಂಕ ಸುಮಾರು 2. ತೂತಿಲ್ಲದ ಬರಿಯ ಪದರವನ್ನು ಅತ್ಯಂತ ಅನುಕೂಲದ ದಪ್ಪದಲ್ಲಿ ಮಾಡಿದರೂ ಅದು ನೂರಕ್ಕೆ 36 ಪಾಲಿಗಿಂತ ಹೆಚ್ಚು ಬೆಳಕನ್ನು ಹಿಂದಿರುಗಿಸಲಾರದು. ತೂತು ಕೊರೆದಾಗಲೇ ಅದು ಒಳ್ಳೆಯ ಕನ್ನಡಿಯಾಗುವುದು. ತೂತುಗಳು ಬೆಳಕಿನ ತರಂಗಾಂತರಕ್ಕೆ ಸರಿಹೊಂದುವ ಅಂತರದಲ್ಲಿ ಸಾಲಾಗಿದ್ದರೆ, ನೇರ ಬಂದು ಬಿದ್ದ ಬೆಳಕಿನ ಒಂದು ಪಾಲು ಪದರದೊಳಗೇ ಅಡ್ಡಕ್ಕೆ ತಿರುಗಿ ಹರಿಯತೊಡಗುತ್ತದೆ. ಹರಿಯುತ್ತ ಹರಿಯುತ್ತ ಅದು ತೂತುಗಳ ಸಾಲಿಗೆ ತಾಗಿ ಮೇಲಕ್ಕೂ ಕೆಳಕ್ಕೂ ಚಿಮ್ಮುತ್ತದೆ. ಕೆಳಕ್ಕೆ ಚಿಮ್ಮಿದ ಅಲೆ, ನೇರವಾಗಿ ಪದರ ದಾಟಿ ಕೆಳಗಿಳಿದ ಅಲೆಗೆ ಸರಿಯಾಗಿ ಎದುರು ಲಯದಲ್ಲಿರುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ ಬಿದ್ದು ಎರಡೂ ಅಳಿಯುತ್ತವೆ. ಆಚೆಗೆ ಹೋಗಲು ದಾರಿಯಿಲ್ಲದ ಬೆಳಕು ಪೂರ್ತಿಯಾಗಿ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಸಣ್ಣ ಅಳತೆಯ ಇಂಥ ಪದರಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಪ್ರತಿಫಲನ ಸಿಕ್ಕಿರುವುದನ್ನು 2016ರ ಹೊತ್ತಿಗೇ ಡೆಲ್ಫ್ಟ್‌ನ ಸಂಶೋಧಕರು ತೋರಿಸಿದ್ದರು. ಹಾಗಾಗಿ ಹೊಳಪು ಆಗಲೇ ಕೈಗೆ ಸಿಕ್ಕ ವಿದ್ಯೆ.

ಈ ವಿದ್ಯೆಯ ಹಳೆಯ ಬೇರೊಂದು ನಮ್ಮ ಬೆಂಗಳೂರಿನಲ್ಲೂ ಇದೆ. ಪೊಟ್ಯಾಸಿಯಂ ಕ್ಲೋರೇಟ್ ಹರಳುಗಳು ಒಮ್ಮೊಮ್ಮೆ ಒಂದೇ ಬಣ್ಣದ ಬೆಳಕನ್ನು ತೀವ್ರವಾಗಿ ಹಿಂದಿರುಗಿಸುವುದನ್ನು 19ನೇ ಶತಮಾನದಲ್ಲಿ ವಿಜ್ಞಾನಿ ಸ್ಟೋಕ್ಸ್ ಗಮನಿಸಿದ್ದ. ಅದು ಹರಳಿನೊಳಗೆ ಒಂದರ ಮೇಲೊಂದು ಸಮದೂರದಲ್ಲಿ ಪೇರಿದ ಪದರಗಳ ಪರಿಣಾಮ ಎಂದು ಲಾರ್ಡ್ ರ್ಯಾಲಿ 1888ರಲ್ಲಿ ವಿವರಿಸಿದ. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡ ಸಿ. ವಿ. ರಾಮನ್ ಅವರು 1950ರ ದಶಕದಲ್ಲಿ ಅದೇ ಹರಳುಗಳನ್ನು ಬೆಂಗಳೂರಿನಲ್ಲಿ ಮತ್ತೆ ಪರೀಕ್ಷೆಗೆ ಒಡ್ಡಿದರು. ಕ್ಷೀರಸ್ಫಟಿಕ, ಮುತ್ತಿನ ಚಿಪ್ಪು, ಲ್ಯಾಬ್ರಡೊರೈಟ್ ಕಲ್ಲು ಹೀಗೆ ಬಣ್ಣವೇ ಇಲ್ಲದೆ ಬಣ್ಣ ಬೀರುವ ವಸ್ತುಗಳೆಂದರೆ ಅವರಿಗೆ ತೀರದ ಕುತೂಹಲ. ಅವರ ಸಂಗ್ರಹ ಮೇಖ್ರಿ ಸರ್ಕಲ್ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಸೂಕ್ಷ್ಮ ರಚನೆಯಿಂದಲೇ ಬೆಳಕನ್ನು ತಡೆದು ತಿರುಗಿಸುವ ಇಂಥ ವಸ್ತುಗಳನ್ನು ಬೇಕೆಂದೇ ಮಾಡಬಹುದು ಎಂಬ ವಿಚಾರವನ್ನು 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಬೇರೆಬೇರೆಯಾಗಿ ಮುಂದಿಟ್ಟರು. ಫೋಟಾನಿಕ್ ಕ್ರಿಸ್ಟಲ್ ಎಂಬ ಶಾಖೆ ಅಲ್ಲಿಂದ ಬೆಳೆಯಿತು. ಕ್ಷೀರಸ್ಫಟಿಕದ ಒಂದು ತುಂಡನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದವರಿಗೆ ನನ್ನ ವಾದದ ಇನ್ನೊಂದು ಪುರಾವೆ ಕಾಣುತ್ತದೆ. ಅದರ ಮೈ ಪೂರ್ತಿ ಒಂದೇ ಬಣ್ಣವಿರುವುದಿಲ್ಲ. ಇಲ್ಲಿ ಹಸಿರು, ಅದಕ್ಕೆ ತಾಗಿ ಕೆಂಪು, ಅದರ ಮಗ್ಗುಲಲ್ಲಿ ನೀಲಿ. ಒಳಗಿನ ಸಿಲಿಕಾ ಗೋಲಿಗಳು ಒಂದಿಷ್ಟು ಜಾಗದಲ್ಲಿ ಶಿಸ್ತಾಗಿ ಸಾಲುಗಟ್ಟಿ, ಅದರಾಚೆ ಸಾಲಿನ ದಿಕ್ಕು ತಪ್ಪಿ, ಮತ್ತೆ ಬೇರೆ ದಿಕ್ಕಿನಲ್ಲಿ ಸಾಲುಗಟ್ಟಿರುತ್ತವೆ. ಪ್ರಕೃತಿಗೆ ಸೂಕ್ಷ್ಮ ರಚನೆ ಕಷ್ಟವಾಗಲಿಲ್ಲ. ಆ ರಚನೆಯನ್ನು ತಪ್ಪಿಲ್ಲದೆ ಅಂಗೈಯಗಲ ಎಳೆದುಕೊಂಡು ಹೋಗುವುದು ಕಷ್ಟವಾಯಿತು.

ಮನುಷ್ಯರ ಪ್ರಯೋಗಾಲಯಗಳಲ್ಲೂ ಅದೇ ಕಥೆ. ಕ್ಯಾಲ್ಟೆಕ್‌ನಲ್ಲಿ ಹ್ಯಾರಿ ಆಟ್‌ವಾಟರ್ ಅವರ ತಂಡ ಬೆಳಕಿನ ತಳ್ಳುಬಲವನ್ನು ನೇರವಾಗಿ ಅಳೆದು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕು ತಳ್ಳುವ ಹಾಯಿಯಂತೆ ಬಳಸಿದ ಪದರದ ಬದಿ 40 ಮೈಕ್ರೊಮೀಟರ್, ದಪ್ಪ 50 ನ್ಯಾನೊಮೀಟರ್. ಡೆಲ್ಫ್ಟ್‌ನಲ್ಲೇ 2018ರಲ್ಲಿ ಮಾಡಿದ ತೂತುಗನ್ನಡಿಯ ಬದಿ 10 ಮಿಲಿಮೀಟರ್. ಅಲ್ಲಿಂದ 60 ಮಿಲಿಮೀಟರಿಗೆ, ಅಂದರೆ 36 ಪಟ್ಟು ಕ್ಷೇತ್ರಫಲಕ್ಕೆ ಹೋಗಲು ಏನು ಬೇಕಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಸಿಲಿಕಾನ್ ಬಿಲ್ಲೆಯ ಮೇಲೆ ನೈಟ್ರೈಡ್ ಪದರ ಬೆಳೆಸುತ್ತಾರೆ. ಅದರ ಮೇಲೆ ಬೆಳಕಿಗೆ ಪ್ರತಿಕ್ರಿಯಿಸುವ ರೆಸಿಸ್ಟ್ ಹಚ್ಚುತ್ತಾರೆ. ಈ ರೆಸಿಸ್ಟ್ ಮೇಲೆ ತೂತಿನ ನಮೂನೆ ಮೂಡಿಸಬೇಕು. ವಾಡಿಕೆಯ ದಾರಿ ಎಲೆಕ್ಟ್ರಾನ್ ಕಿರಣದಿಂದ ಬರೆಯುವುದು. ಅತ್ಯಂತ ನಿಖರ, ಆದರೆ ಒಂದಾದ ಮೇಲೊಂದು ಚುಕ್ಕೆ ಇಡಬೇಕು. ನೂರು ಕೋಟಿ ತೂತುಗಳನ್ನು ಹಾಗೆ ಬರೆಯುತ್ತ ಕುಳಿತರೆ ವರ್ಷಗಟ್ಟಲೆ ಕಾಲ ಬೇಕು. ಇವರು ಹಿಡಿದದ್ದು ಚಿಪ್ ಉದ್ಯಮದ ಹಳೆಯ ಹಾದಿ: ಮಾಸ್ಕ್ ಒಂದರ ಮೂಲಕ ಬೆಳಕು ಹಾಯಿಸಿ, ಕೋಟಿಗಟ್ಟಲೆ ತೂತುಗಳ ಅಚ್ಚನ್ನು ಒಟ್ಟಿಗೇ ಒತ್ತುವುದು. ಹಳೆಯ ಕ್ರಮದಲ್ಲಿ 15 ವರ್ಷ ಹಿಡಿಯಬಹುದಾಗಿದ್ದ ಕೆಲಸ ಒಂದು ದಿನಕ್ಕೆ ಇಳಿಯಿತು, ಚದರ ಮೀಟರಿನ ಖರ್ಚು ಸುಮಾರು 9,000 ಪಟ್ಟು ತಗ್ಗಿತು ಎಂಬುದು ತಂಡದ ಲೆಕ್ಕ. ಅಚ್ಚು ಬಿದ್ದ ಮೇಲೆ ತೂತು ಕೊರೆಯುವುದು ಪ್ಲಾಸ್ಮಾ. ಅತಿ ಸೂಕ್ಷ್ಮವಾದ ಹಂತ ಇನ್ನೂ ಬಾಕಿ ಇರುತ್ತದೆ: ಪದರದ ಕೆಳಗಿನ ಸಿಲಿಕಾನನ್ನು ತೆಗೆದು ಪದರವನ್ನು ಅಂಚುಗಳಲ್ಲಿ ಮಾತ್ರ ಹಿಡಿದು ನಿಲ್ಲಿಸುವುದು. ದ್ರಾವಣದಲ್ಲಿ ಮುಳುಗಿಸಿ ತೆಗೆದರೆ ಒಣಗುವಾಗ ದ್ರವದ ಮೇಲ್ಮೈ ಎಳೆತವೇ ಪದರವನ್ನು ಹರಿದುಹಾಕಬಲ್ಲದು. ಆದ್ದರಿಂದ ದ್ರವವನ್ನೇ ಬಿಟ್ಟು ಅನಿಲದಿಂದ ಸಿಲಿಕಾನನ್ನು ತಿನ್ನಿಸುವ ಕ್ರಮ ರೂಪಿಸಿದರು. ಲಕ್ಷಾಂತರ ಕೋಟಿ ರೂಪಾಯಿಯ ಚಿಪ್ ಉದ್ಯಮ ಬೆಳೆಸಿಟ್ಟ ಹತಾರಗಳನ್ನು ಕನ್ನಡಿಗೆ ದುಡಿಸಿಕೊಂಡದ್ದು ಇದರಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾದ ಅಂಶ. ಮೇಜಿನ ಮೇಲೆ ಗಾಜು ಸುರಿದ ಫ್ರೆಂಚರ ಹೆಜ್ಜೆ ಯಾವ ಬಗೆಯದೋ ಇದೂ ಅದೇ ಬಗೆಯದು.

ತೂತುಗಳ ಜೋಡಣೆಯಲ್ಲೂ ಇದೇ ವಿವೇಕ ಕೆಲಸ ಮಾಡಿದೆ. ಸಾಮಾನ್ಯವಾಗಿ ಇಂಥ ಕನ್ನಡಿಗಳಲ್ಲಿ ತೂತುಗಳು ಚೌಕದ ಇಲ್ಲವೇ ಷಟ್ಕೋನದ ಸಾಲಿನಲ್ಲಿರುತ್ತವೆ. ಇಲ್ಲಿ ಕಂಪ್ಯೂಟರಿಗೆ ಆ ಕಟ್ಟುಪಾಡು ಹಾಕಲಿಲ್ಲ. ಎಲ್ಲಿ ವಸ್ತು ಇರಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನು ನರಜಾಲ ಆಧಾರಿತ ಗಣನೆ ತಾನೇ ಹುಡುಕಿತು. ಹುಡುಕಾಟ ಬಂದು ನಿಂತದ್ದು ಯಾರೂ ನಿರೀಕ್ಷಿಸದ ಪಂಚಕೋನದ ವಿನ್ಯಾಸದಲ್ಲಿ. ಗುರಿ ಬರೀ ಗರಿಷ್ಠ ಪ್ರತಿಫಲನವಾಗಿದ್ದರೆ ಬೇರೆ ಉತ್ತರ ಬರುತ್ತಿತ್ತೇನೊ. ಗುರಿಯಲ್ಲಿ ತೂಕವೂ ಸೇರಿತ್ತು, ಒಂದೇ ತರಂಗಾಂತರಕ್ಕೆ ಬದಲು ಒಂದು ಪಟ್ಟಿಯಷ್ಟು ತರಂಗಾಂತರಗಳಿಗೆ ಸ್ಪಂದಿಸಬೇಕೆಂಬ ಷರತ್ತೂ ಸೇರಿತ್ತು. ಬಂದ ಆಕಾರ ಬೆಳಕಿನ ಅಚ್ಚಿನಲ್ಲಿ ಒತ್ತಲು ಸಾಧ್ಯವಾಗುವಂಥದ್ದೂ ಆಗಿತ್ತು. ತರಂಗಾಂತರಗಳ ಪಟ್ಟಿ ಬೇಕಾಗುವುದು ಏಕೆಂದರೆ, ಈ ಕನ್ನಡಿ ಲೇಸರ್ ಬೆಳಕಿನ ತಳ್ಳುಬಲದಿಂದ ಓಡುವ ಹಾಯಿಯಾಗಬೇಕೆಂಬುದು ಉದ್ದೇಶ, ಮತ್ತು ಓಡುವ ಕನ್ನಡಿಗೆ ಹಿಂದಿನಿಂದ ಬರುವ ಬೆಳಕು ಹಿಗ್ಗಿ ಕಾಣುತ್ತದೆ. ಬೆಳಕಿನ ಐದನೇ ಒಂದು ಪಾಲು ವೇಗದಲ್ಲಿ ಅದು ಸುಮಾರು 1.22 ಪಟ್ಟು ಹಿಗ್ಗುತ್ತದೆ. ಹೊರಡುವಾಗ 1550 ನ್ಯಾನೊಮೀಟರ್ ಇದ್ದದ್ದು ಕೊನೆಗೆ 1900ರ ಹತ್ತಿರ. ಒಂದೇ ತರಂಗಾಂತರಕ್ಕೆ ಶೇಕಡಾ 99 ಮುಟ್ಟುವ ಕನ್ನಡಿ ದಾರಿಯ ಮಧ್ಯೆ ಕುರುಡಾಗುತ್ತದೆ.

ಬೆಳಕಿನ ಐದನೇ ಒಂದು ಪಾಲು ವೇಗದ ಮಾತು ಎಲ್ಲಿಂದ ಬಂತು ಎನ್ನುವುದನ್ನು ಹೇಳಲೇಬೇಕು. 2016ರಲ್ಲಿ ಯೂರಿ ಮಿಲ್ನರ್ ಮತ್ತು ಸ್ಟೀಫನ್ ಹಾಕಿಂಗ್ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಎಂಬ ಯೋಜನೆಯನ್ನು ಪ್ರಕಟಿಸಿದರು. ಗ್ರಾಂ ತೂಕದ ಚಿಪ್ ಒಂದನ್ನು ಕೆಲವು ಮೀಟರ್ ಅಗಲದ ಹಾಯಿಗೆ ಕಟ್ಟಿ, ನೆಲದಿಂದ ಲೇಸರ್ ಬಿಟ್ಟು ತಳ್ಳಿ, ನಾಲ್ಕು ಜ್ಯೋತಿರ್ವರ್ಷಕ್ಕೂ ದೂರದ ಆಲ್ಫಾ ಸೆಂಟಾರಿಯನ್ನು ಸುಮಾರು 20 ವರ್ಷಗಳಲ್ಲಿ ಮುಟ್ಟಿಸುವುದು ಅದರ ಆಶಯ. ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಇದಕ್ಕೆ ಇಷ್ಟು ಸಾಹಸವೇಕೆ? ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಹಚ್ಚಿದರೆ ಸಾಲದೇ? ಜಪಾನ್ 2010ರಲ್ಲಿ ಹಾರಿಸಿದ ಇಕಾರೊಸ್ ನೌಕೆ ಹಾಗೆಯೇ ಮಾಡಿತ್ತು. 7.5 ಮೈಕ್ರೊಮೀಟರ್ ದಪ್ಪದ ಪಾಲಿಇಮೈಡ್, 14 ಮೀಟರ್ ಬದಿಯ ಚೌಕ. ಬಿಸಿಲಿನ ಒತ್ತಡದಿಂದಲೇ ಅದು ವೇಗ ಪಡೆದದ್ದನ್ನು ಅಳೆದಿದ್ದಾರೆ. ಆಕ್ಷೇಪದಲ್ಲಿ ತಿರುಳಿದೆ, ಬಿಸಿಲಿನ ಹಾಯಿಗೆ ಅಷ್ಟು ಸಾಕು. ಭೂಮಿಯ ಬಳಿ ಬಿಸಿಲು ಪೂರ್ಣ ಪ್ರತಿಫಲಿಸುವ ಒಂದು ಚದರ ಮೀಟರಿನ ಮೇಲೆ ಹೇರುವ ಬಲ ಸುಮಾರು 9 ಮೈಕ್ರೊನ್ಯೂಟನ್, ಒಂದು ಮಿಲಿಗ್ರಾಂ ತೂಕಕ್ಕೂ ಸ್ವಲ್ಪ ಕಡಿಮೆ. ಅದು ಯಾವ ಹಾಳೆಯನ್ನೂ ಸುಡುವುದಿಲ್ಲ. ಲೇಸರ್ ಹಾಯಿಯ ಲೆಕ್ಕವೇ ಬೇರೆ. ಸ್ಟಾರ್‌ಶಾಟ್ ಕಲ್ಪಿಸಿದ 100 ಗಿಗಾವಾಟ್ ಬೆಳಕನ್ನು 10 ಚದರ ಮೀಟರಿನ ಮೇಲೆ ಬಿಟ್ಟರೆ ಚದರ ಮೀಟರಿಗೆ 10 ಗಿಗಾವಾಟ್. ಚಿನ್ನದ ಲೇಪ ಅತಿಗೆಂಪಿನಲ್ಲಿ ಬಹಳ ಒಳ್ಳೆಯ ಕನ್ನಡಿ, ಆದರೂ ನೂರರಲ್ಲಿ ಎರಡು ಪಾಲಿನಷ್ಟನ್ನು ನುಂಗುತ್ತದೆ. ಹತ್ತು ಗಿಗಾವಾಟಿನ ಎರಡು ಪಾಲೆಂದರೆ 200 ಮೆಗಾವಾಟ್. ಸೂರ್ಯನ ಮೈಯ ಒಂದು ಚದರ ಮೀಟರ್ ಹೊರಸೂಸುವುದು 63 ಮೆಗಾವಾಟ್. ಅದರ ಮೂರು ಪಟ್ಟಿಗೂ ಮೀರಿದ ಶಾಖವನ್ನು ಯಾವ ಲೋಹದ ಪೊರೆಯೂ ಕ್ಷಣಕಾಲ ತಾಳದು. ಲೋಹ ಹೊಳೆಯುವುದೇ ತನ್ನ ಎಲೆಕ್ಟ್ರಾನ್‌ಗಳನ್ನು ಕುಣಿಸಿ, ಆ ಕುಣಿತದಲ್ಲಿ ಸ್ವಲ್ಪವಾದರೂ ಬಿಸಿಯಾಗುತ್ತ. ಪಾರದರ್ಶಕ ನೈಟ್ರೈಡ್ ತನ್ನ ಆಕಾರದಿಂದ ಹೊಳೆಯುತ್ತದೆ, ಹೀಗಾಗಿ ಬಲು ಕಡಿಮೆ ನುಂಗುತ್ತದೆ. ಪಾರದರ್ಶಕ ವಸ್ತುಗಳನ್ನೇ ಹತ್ತಾರು ಪದರ ಪೇರಿಸಿ ಕನ್ನಡಿ ಮಾಡುವ ಕ್ರಮ ಹಳೆಯದು, ಆದರೆ ಅಲ್ಲಿ ತೂಕ ಏರುತ್ತದೆ. ಒಂದೇ ಪದರದಲ್ಲಿ ತೂತು ಕೊರೆದು ಅದೇ ಫಲ ಪಡೆಯುವುದು ಹಗುರವಾದ ಉತ್ತರ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. 100 ಗಿಗಾವಾಟಿನ ಲೇಸರ್ ವ್ಯೂಹವನ್ನು ಯಾರು ಕಟ್ಟುತ್ತಾರೆ, ಅದರ ವಿದ್ಯುತ್ತು ಎಲ್ಲಿಂದ, ಗ್ರಾಂ ತೂಕದ ಚಿಪ್ ಅಷ್ಟು ದೂರದಿಂದ ಸಂದೇಶ ಕಳಿಸುವುದು ಹೇಗೆ? ಆಕಾಶಕ್ಕೆ ಮುಖ ಮಾಡಿದ ಅಂಥ ಲೇಸರ್ ಇನ್ನೊಂದು ದೇಶದ ಉಪಗ್ರಹಕ್ಕೆ ಏನು ಮಾಡಬಲ್ಲದು ಎಂಬ ಭಯಕ್ಕೆ ಉತ್ತರ ಯಾರು ಕೊಡಬೇಕು? ನಕ್ಷತ್ರಯಾನ ನಮ್ಮ ಜೀವಮಾನದಲ್ಲಿ ಆಗುತ್ತದೆಂದು ನಾನು ನಂಬಿಲ್ಲ. ನಂಬಬೇಕಾದ ಅಗತ್ಯವೂ ಈ ವಾದಕ್ಕೆ ಇಲ್ಲ. ಪತ್ರಿಕೆಗಳು ಈ ಕೆಲಸವನ್ನು ನಕ್ಷತ್ರದ ತಲೆಬರಹದಲ್ಲಿ ಸುದ್ದಿ ಮಾಡಿದವು. ಆ ಅಳತೆಗೋಲು ಹಿಡಿದರೆ ಆರು ಸೆಂಟಿಮೀಟರ್ ಕನ್ನಡಿ ಹಾಸ್ಯಾಸ್ಪದವಾಗಿ ಕಾಣುತ್ತದೆ, ಮತ್ತು ಕೆಲಸ ಮಾಡಿದವರಿಗೆ ಅನ್ಯಾಯವಾಗುತ್ತದೆ. ಅದನ್ನು ಅಳೆಯಬೇಕಾದ್ದು ಚದರ ಸೆಂಟಿಮೀಟರಿನಲ್ಲಿ ಮತ್ತು ಅದರ ಬೆಲೆಯಲ್ಲಿ. ತೆಳುವಾದ, ಹಗುರವಾದ, ಬಿಸಿಯಾಗದ ಕನ್ನಡಿಗೆ ಭೂಮಿಯ ಮೇಲೇ ಕೆಲಸವಿದೆ. ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೊ ಯಂತ್ರಗಳನ್ನೇ ನೋಡಿ. ಅದೇ ಬಗೆಯದೊಂದು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಬರಲಿದೆ. ಅವುಗಳ ಕನ್ನಡಿಗಳು 34 ಸೆಂಟಿಮೀಟರ್ ಅಗಲದ, 40 ಕಿಲೋ ತೂಕದ ಸಿಲಿಕಾ ಉರುಳೆಗಳು. ಉರುಳೆಯ ಮುಖಕ್ಕೆ ಪಾರದರ್ಶಕ ಪದರಗಳನ್ನು ಪೇರಿಸಿ ಹೊಳಪು ತಂದಿರುತ್ತಾರೆ. ಆ ಪದರಗಳಲ್ಲಿನ ಪರಮಾಣುಗಳ ಶಾಖದ ನಡುಕವೇ ಯಂತ್ರದ ಕಿವಿಯ ಮಿತಿಗಳಲ್ಲೊಂದಾಗಿದೆ. ಪೇರಿಕೆಯ ಜಾಗದಲ್ಲಿ ಒಂದೇ ತೆಳು ಪದರ ಇರಬಹುದಾದರೆ ಆ ನಡುಕ ತಗ್ಗಬಹುದೆಂಬ ಆಸೆ ಇಟ್ಟುಕೊಂಡು ಕೆಲಸ ಮಾಡುತ್ತಿರುವವರಿದ್ದಾರೆ. ಒಂದು ಮಿಲಿಮೀಟರಿನ ಕನ್ನಡಿಯಿಂದ ಆ ಆಸೆ ತೀರುವುದಿಲ್ಲ, ಅದಕ್ಕೂ ಅಗಲವೇ ಬೇಕು. ಬೆಳಕು ವಸ್ತುವನ್ನು ಎಷ್ಟು ತಳ್ಳುತ್ತದೆ ಎಂದು ಅಳೆಯುವ ಪ್ರಯೋಗಗಳಲ್ಲೂ ಹಾಗೆಯೇ. ಇದುವರೆಗೆ ಪರಮಾಣು ಅಳತೆಯ ಅಲುಗಾಟಗಳನ್ನು ನೋಡಿ ತೃಪ್ತಿಪಡಬೇಕಿತ್ತು. ಹಗುರವಾದ ದೊಡ್ಡ ಹಾಯಿ ಸಿಕ್ಕರೆ ಪ್ರಯೋಗಾಲಯದಲ್ಲೇ ಸೆಂಟಿಮೀಟರುಗಟ್ಟಲೆ ಸರಿಯುವುದನ್ನು ನೋಡಬಹುದೆಂದು ಡೆಲ್ಫ್ಟ್ ತಂಡ ಹೊರಟಿದೆ.

ಮೂರನೆಯ ಆಕ್ಷೇಪ ಒಳಗಿನವರದು, ನಾನು ಪೂರ್ತಿ ಒಪ್ಪುವಂಥದ್ದು. ಅಗಲಕ್ಕಾಗಿ ಹೊಳಪನ್ನು ಬಿಟ್ಟುಕೊಟ್ಟಿದ್ದಾರೆ: ಸಣ್ಣ ಪದರದಲ್ಲಿ ಒಂದೇ ತರಂಗಾಂತರಕ್ಕೆ ಸಿಗುವ ಶೇಕಡಾ 99 ಇಲ್ಲಿ ಇಡೀ ಪಟ್ಟಿಗೆ ಸಿಗುವುದಿಲ್ಲ. ಬೆಳಕಿನ ಅಚ್ಚಿಗೆ ಎಲೆಕ್ಟ್ರಾನ್ ಕಿರಣದ ನಿಖರತೆಯೂ ಇಲ್ಲ. ಇದು ನಷ್ಟವೇ. ಆದರೆ ಲೇಸರಿನಿಂದ ತಳ್ಳಿಸಿಕೊಳ್ಳುವ ಹಾಯಿಯಲ್ಲಿ ಹೊಳಪು ಒಂದು ಪಾಲು, ತೂಕ ಇನ್ನೊಂದು ಪಾಲು. 100 ಗಿಗಾವಾಟನ್ನು ಪೂರ್ತಿ ಹಿಂದಿರುಗಿಸುವ ಹಾಯಿಗೆ ಬೀಳುವ ತಳ್ಳುಬಲ 667 ನ್ಯೂಟನ್. ಪ್ರತಿಫಲನ ನೂರರಲ್ಲಿ ಹತ್ತು ಪಾಲು ಇಳಿದರೆ ಬಲವೂ ಅಷ್ಟೇ ಇಳಿಯುತ್ತದೆ. ಆದರೆ ಹೆಚ್ಚು ತೂತು ಬಿಟ್ಟು ಹಾಯಿಯ ತೂಕವನ್ನು ಅದಕ್ಕಿಂತ ಹೆಚ್ಚು ಇಳಿಸಬಲ್ಲವರಿಗೆ ಲಾಭವೇ ಉಳಿಯುತ್ತದೆ, ಸಾಗಿಸುವ ಚಿಪ್ ಹಾಯಿಗಿಂತ ಬಹಳ ಹಗುರವಾಗಿದ್ದರೆ. ಈ ಲೆಕ್ಕದಲ್ಲಿ ಶೇಕಡಾ 99.9ರ ಹಿಂದೆ ಬೀಳುವುದು ಒಳ್ಳೆಯ ಎಂಜಿನಿಯರಿಂಗ್ ಆಗುವುದಿಲ್ಲ. ಲೈಗೊದಂಥ ಕಡೆ ಲೆಕ್ಕ ಉಲ್ಟಾ, ಅಲ್ಲಿ ಹೊಳಪಿನಲ್ಲಿ ರಾಜಿಯಿಲ್ಲ. ಹಾಗಾಗಿ ಪಂಚಕೋನದ ವಿನ್ಯಾಸ ಎಲ್ಲಕ್ಕೂ ಮದ್ದಲ್ಲ. ಎಲ್ಲೆಡೆಗೂ ಸಾಗಬಲ್ಲದ್ದು ಅದರ ತಯಾರಿಕೆಯ ಕ್ರಮ. ಹಾಳೆ ಇಷ್ಟು ತೆಳುವಾದರೆ ಹರಿದುಹೋಗದೇ ಎಂಬ ಅನುಮಾನಕ್ಕೆ ಮಾತ್ರ ಉತ್ತರ ಸಮಾಧಾನಕರವಾಗಿದೆ: ಹರಿಯುವುದಾದರೆ ತಯಾರಿಸುವಾಗಲೇ ಹೆಚ್ಚು, ಒಮ್ಮೆ ತೂಗಿ ನಿಂತ ಮೇಲೆ ಅದು ಸಾಕಷ್ಟು ಗಟ್ಟಿ ಎಂದು ಮಾಡಿದವರೇ ಹೇಳುತ್ತಾರೆ. ಲೇಸರಿನ ನಿಜವಾದ ಕಾವಿನಲ್ಲಿ ಅದು ಹೇಗೆ ನಿಲ್ಲುತ್ತದೆ, ಕಿರಣದ ನಡುವಿನಿಂದ ಜಾರದೆ ಹೇಗೆ ಸಾಗುತ್ತದೆ ಎಂಬುವು ಬೇರೆಯೇ ಪರೀಕ್ಷೆಗಳು.

ಅಗಲದ ಮುಂದಿನ ಮಿತಿ ಈಗಲೇ ಕಣ್ಣಿಗೆ ಕಾಣುತ್ತಿದೆ. ಇಂದಿನ ಚಿಪ್ ಕಾರ್ಖಾನೆಗಳ ದೊಡ್ಡ ಸಿಲಿಕಾನ್ ಬಿಲ್ಲೆಯ ವ್ಯಾಸ 300 ಮಿಲಿಮೀಟರ್. ಅದರೊಳಗೆ ಹಿಡಿಸುವ ಅತಿದೊಡ್ಡ ಚೌಕದ ಬದಿ 212 ಮಿಲಿಮೀಟರ್. ಅದರಾಚೆಗೆ ಹೋಗಬೇಕಾದರೆ ತುಂಡು ಜೋಡಿಸಬೇಕು, ಇಲ್ಲವೇ ಬೇರೆ ಉದ್ಯಮದ ಹತಾರಕ್ಕೆ ಕೈ ಹಾಕಬೇಕು. ಅಂಥ ಉದ್ಯಮವೂ ಇದೆ. ಟಿವಿ ಪರದೆ ಮಾಡುವ ಕಾರ್ಖಾನೆಗಳು 2940 ಮಿಲಿಮೀಟರ್ ಅಗಲ, 3370 ಮಿಲಿಮೀಟರ್ ಉದ್ದದ ಒಂದೇ ಗಾಜಿನ ಹಾಳೆಯ ಮೇಲೆ ಬೆಳಕಿನ ಅಚ್ಚು ಒತ್ತುತ್ತವೆ, ಅದೂ ಪ್ರತಿದಿನ. ಸ್ಟಾರ್‌ಶಾಟ್ ಕೇಳಿದ ಅಗಲದ ಹತ್ತಿರಕ್ಕೆ ಬರುವ ಅಳತೆ ಅದು. ಆದರೆ ಅವು ಮೂಡಿಸುವ ಗೆರೆ ಮೈಕ್ರೊಮೀಟರಿನ ಮೇಲೆ, ಕನ್ನಡಿಗೆ ಬೇಕಾದ ನಿಖರತೆ ಅದಕ್ಕಿಂತ ಸೂಕ್ಷ್ಮ. ತಳದಲ್ಲಿ ಸಿಲಿಕಾನ್ ಬದಲು ಗಾಜಿರುವುದರಿಂದ ಅನಿಲದಿಂದ ತಿನ್ನಿಸುವ ಹಂತವನ್ನೂ ಬದಲಿಸಬೇಕು, ಗಾಜಿನ ಮೇಲೆ ಮೊದಲು ಕರಗಿಸಿ ತೆಗೆಯುವಂಥ ಪದರವೊಂದನ್ನು ಹಚ್ಚಿಕೊಂಡು ಕೆಲಸ ಶುರುಮಾಡಬೇಕಾದೀತು. ನನ್ನ ಅಂದಾಜಿನಲ್ಲಿ ಇವೆರಡಕ್ಕಿಂತ ಬಿಗಿಯಾದ ಗಂಟು ಶಾಖದ್ದು. ಬೆಳಕನ್ನು ನುಂಗದಷ್ಟು ಶುದ್ಧವೂ ಚಾಚಿ ನಿಲ್ಲುವಷ್ಟು ಬಿಗಿಯೂ ಆದ ನೈಟ್ರೈಡ್ ಪದರವನ್ನು 800 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಬೆಳೆಸುತ್ತಾರೆ. ಪರದೆಯ ಗಾಜು ಅಷ್ಟು ಕಾವಿಗೆ ಮೆತ್ತಗಾಗುತ್ತದೆ. ತಣ್ಣಗೆ ಬೆಳೆಸಿದ ನೈಟ್ರೈಡಿನಲ್ಲಿ ಜಲಜನಕ ಉಳಿದುಬಿಡುತ್ತದೆ. ಅದು 1500 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನೇ ನುಂಗುತ್ತದೆ, ಅಂದರೆ ಈ ಕನ್ನಡಿ ಹಿಂದಿರುಗಿಸಬೇಕಾದ ಬೆಳಕನ್ನೇ.